ಮನೇಲಿ ಜೊತೆಗೆ ಯಾರಿದ್ದಾರಮ್ಮ?

ರಾಮಗಿರಿಯ ರೈಲು ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಬೊಮ್ಮಕ್ಕನ ಮನೆ. ಗಂಡ ಮಾರಣ್ಣ ದಸರಾ ಮುಗಿದೊಡನೆ ಕುರಿ ಹೊಡೆದುಕೊಂಡು ಭದ್ರಾ ನಾಲೆಯ ಗದ್ದೆಗಳ ಕಡೆ ಹೋದನೆಂದರೆ ಮತ್ತೆ ಮುಖ ತೋರಿಸುವುದು ಮುಂಗಾರಿಗೇ. ಅಪರೂಪಕ್ಕೆ ಫೋನು ಮಾಡಿದರೂ ಯಾವ ಕುರಿ ಈಯಿತು, ಯಾವುದು ಕುಂಟುತ್ತಿದೆ ಎಂದು ಹೇಳಿ ಇಟ್ಟುಬಿಡುತ್ತಾನೆ. ಹೆಂಡತಿಯೂ ಕುಂಟುತ್ತಿದ್ದಾಳೆಂಬುದು ಆ ಮಹಾರಾಯನಿಗೆ ಹೊಳೆಯುವುದಿಲ್ಲ. ಮಕ್ಕಳಿಲ್ಲ. ಬೊಮ್ಮಕ್ಕ ಕಂಬಳಿಗೆ ಉಣ್ಣೆ ನೂಲುತ್ತಾ, ಮಂಡಿ ನೀವಿಕೊಳ್ಳುತ್ತಾ ದಿನ ದೂಡುತ್ತಿದ್ದಳು.

ಅಂಥ ಮನೆಗೆ ಸಹನಾ ಬರತೊಡಗಿದ್ದು ದೀಪಾವಳಿ ಕಳೆದ ಮೇಲೆ. ಕಿರಾಣಿ ಅಂಗಡಿ ಗಂಗಾಧರಪ್ಪನವರ ಮಗಳು, ಹೊಳಲ್ಕೆರೆಯಲ್ಲಿ ಪಿಯುಸಿ ಓದುವ ಹುಡುಗಿ. ಪರೀಕ್ಷೆಯ ಭಯಕ್ಕೆ ನಿದ್ದೆಯೇ ಹತ್ತುವುದಿಲ್ಲವಂತೆ. ನೋವಿಗೂ ನಿದ್ದೆಗೂ ಆಗುವ ಆಯುರ್ವೇದದ ಜೆಲ್ಲಿ ಆನ್‌ಲೈನಿನಲ್ಲಿ ಸಿಗುತ್ತದಂತೆ, ಆದರೆ ಹದಿನೆಂಟು ತುಂಬಿದವರಿಗೆ ಮಾತ್ರವಂತೆ.

"ನಿನ್ನ ಆಧಾರ್ ಕೊಡು ಬೊಮ್ಮಕ್ಕಾ. ಫೋನಿಗೆ ಮುಖ ತೋರ್ಸಿ, ಮಂಡಿ ನೋವು ಐತೆ ಅಂತ ಹೇಳಿದ್ರೆ ಸಾಕು."

"ನೋವು ಇದ್ದೇ ಐತಲ್ಲೇ, ಅದೇನು ಸುಳ್ಳಾ?" ಎಂದು ಬೊಮ್ಮಕ್ಕ ನಕ್ಕಿದ್ದಳು.

ವಯಸ್ಸಿನ ತಪಾಸಣೆ ಬಲು ಬಿಗಿಯಾಗಿತ್ತು. ಕತ್ತು ಆ ಕಡೆ ತಿರುಗಿಸು, ಈ ಕಡೆ ತಿರುಗಿಸು, ಕಣ್ಣು ಮಿಟುಕಿಸು. ಹೆಣ್ಣು ನೋಡಲು ಬಂದವರೂ ಅವಳನ್ನು ಅಷ್ಟು ನೋಡಿರಲಿಲ್ಲ. ಐವತ್ತು ದಾಟಿದ ಮುಖ ಕಂಡು ಜೆಲ್ಲಿಯ ಕಂಪನಿಗೆ ತೃಪ್ತಿಯಾಯಿತು. ಫೋನು ಹಿಡಿದಿದ್ದ ಎಳೆಯ ಕೈ ಯಾರ ಕಣ್ಣಿಗೂ ಬೀಳಲಿಲ್ಲ.

ಆಮೇಲೆ ತಿಂಗಳಿಗೊಮ್ಮೆ, ಹೊಸ ಡಬ್ಬಿ ಕಳಿಸುವ ಮುಂಚೆ, ಬೆಂಗಳೂರಿನಿಂದ ಕಂಪನಿಯ ಡಾಕ್ಟರು ವಿಡಿಯೋ ಕರೆ ಮಾಡುತ್ತಿದ್ದರು. "ಮಂಡಿ ಹೇಗಿದೆಯಮ್ಮ? ನಿದ್ದೆ ಬರುತ್ತಾ? ಮನೇಲಿ ಜೊತೆಗೆ ಯಾರಿದ್ದಾರೆ?" ಕಂಪನಿ ಬರೆದುಕೊಟ್ಟ ಪ್ರಶ್ನೆಗಳೇ ಇರಬಹುದು. ಇರಲಿ. ಬೊಮ್ಮಕ್ಕನನ್ನು ಹಾಗೆ ಕೇಳಿದವರು ಈ ಭೂಮಿಯ ಮೇಲೆ ಇನ್ನೊಬ್ಬರಿರಲಿಲ್ಲ. ಕರೆಯ ದಿನ ಅವಳು ತಲೆ ಬಾಚಿ, ಕುಂಕುಮವಿಟ್ಟು, ಹಸಿರು ಸೀರೆ ಉಡುತ್ತಿದ್ದಳು. ಸಹನಾ ತನ್ನ ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ ಪಕ್ಕದಲ್ಲಿ ಕೂರುತ್ತಿದ್ದಳು. ಕೊನೆಯ ಪ್ರಶ್ನೆಗೆ ಬೊಮ್ಮಕ್ಕ ಓರೆಗಣ್ಣಿನಲ್ಲಿ ಅವಳನ್ನು ನೋಡಿ, "ಹುಡುಗಿ ಐತೆ ಸ್ವಾಮಿ," ಎನ್ನುತ್ತಿದ್ದಳು.

ಅಪ್ಪನ ಕಣ್ಣಿಗೆ ಬೀಳಬಾರದೆಂದು ಜೆಲ್ಲಿಯ ಡಬ್ಬಿ ಬೊಮ್ಮಕ್ಕನ ಗೋಡೆಗೂಡಿನಲ್ಲೇ ಇರುತ್ತಿತ್ತು. ಹಾಗಾಗಿ ಹುಡುಗಿ ದಿನಾ ಬರುತ್ತಿದ್ದಳು. ಕದಿರು ತಿರುಗಿಸುತ್ತಾ ಕಾಲೇಜಿನ ಸುದ್ದಿಯೆಲ್ಲ ಹರಟಿ, ರಾತ್ರಿಗೆ ಒಂದು ಜೆಲ್ಲಿ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದಳು. ಬರಬರುತ್ತಾ ಒಂದು ಮೂರಾಯಿತು, ಇಲ್ಲೇ ಬಾಯಿಗೆ ಬೀಳತೊಡಗಿತು. ಹರಟೆ ನಿಂತಿತು. ಒಂದು ಸಂಜೆ ಉಣ್ಣೆಯ ರಾಶಿಗೆ ಒರಗಿದವಳು ಕೂಗಿದರೂ ಏಳಲಿಲ್ಲ. ಮುಖಕ್ಕೆ ನೀರು ಚಿಮುಕಿಸಿದ ಮೇಲೆ ಕಣ್ಣು ಬಿಟ್ಟು ವಾಂತಿ ಮಾಡಿಕೊಂಡಳು.

"ಇದ್ರಾಗೆ ಏನೈತೆ, ನಿಜ ಹೇಳು."

"ಭಂಗಿ ಸೊಪ್ಪಿನ ರಸ. ಕದ್ದಿದ್ದಲ್ಲ ಬೊಮ್ಮಕ್ಕಾ, ಡಾಕ್ಟ್ರ ಚೀಟಿ ಐತೆ."

ಚೀಟಿ ಯಾರ ಹೆಸರಿನಲ್ಲಿದೆ ಎಂದು ಇಬ್ಬರಿಗೂ ಗೊತ್ತಿತ್ತು.

ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಿದಂತಾಯಿತಲ್ಲ ತನ್ನ ಕೆಲಸ! ಬೊಮ್ಮಕ್ಕನಿಗೆ ಅನ್ನ ಸೇರಲಿಲ್ಲ. ಡಬ್ಬಿಯನ್ನು ಒಲೆಗೆ ಹಾಕಿದರೆ ಇನ್ನೊಂದು ಬರುತ್ತದೆ. ಡಾಕ್ಟರಿಗೆ ಹೇಳಿದರೆ ಡಬ್ಬಿ ನಿಲ್ಲುತ್ತದೆ, ಅದರ ಜೊತೆಗೆ ಹುಡುಗಿಯೂ ಡಾಕ್ಟರ ಕರೆಯೂ ನಿಲ್ಲುತ್ತವೆ. ಮುಂದಿನ ಕರೆ ಬಂದಾಗ ಅವಳ ಬಾಯಿಂದ ಹೊರಟಿದ್ದು ಮತ್ತದೇ ಮಾತು, "ಹುಡುಗಿ ಐತೆ ಸ್ವಾಮಿ." ಆಸೆ ಎಂಥವರನ್ನೂ ಹೇಡಿ ಮಾಡುತ್ತದೆ.

ಆ ತಿಂಗಳಲ್ಲೇ ಸಹನಾ ಬಸ್ಸಿನಲ್ಲಿ ನಿದ್ದೆಹೋಗಿ, ಊರು ದಾಟಿ ಎಲ್ಲೋ ಇಳಿದಳು. ಗಂಗಾಧರಪ್ಪ ಚಪ್ಪಲಿಯನ್ನೂ ಮೆಟ್ಟದೆ ಬಂದು ಬೊಮ್ಮಕ್ಕನ ಬಾಗಿಲಲ್ಲಿ ನಿಂತರು. "ನಮ್ಮ ಹುಡುಗೀನ ಎಲ್ಲಾದ್ರೂ ಕಂಡ್ಯೇನವ್ವ?" ಎಂದು ಕೇಳಿದರು. ಗೂಡಿನಲ್ಲಿ ಡಬ್ಬಿ ಅವರ ತಲೆಯ ಎತ್ತರಕ್ಕೇ ಇತ್ತು. ಕತ್ತಲಾದ ಮೇಲೆ ಯಾರೋ ಪುಣ್ಯಾತ್ಮರು ಹುಡುಗಿಯನ್ನು ಮನೆ ಮುಟ್ಟಿಸಿದರು.

ಮತ್ತೆ ಕರೆಯ ದಿನ ಬಂತು. ಡಾಕ್ಟರು ಮಂಡಿಯ ವಿಷಯ ಎತ್ತುತ್ತಲೇ ಬೊಮ್ಮಕ್ಕ ಹೇಳಿಬಿಟ್ಟಳು.

"ಸ್ವಾಮಿ, ಮಂಡಿ ನಂದು, ನೋವೂ ನಂದು. ಔಷಧಿ ಮಾತ್ರ ನನ್ನ ಹೊಟ್ಟೆಗೆ ಹೋಗ್ತಿಲ್ಲ. ಪಕ್ಕದಾಗೆ ಕುಂತಿರೋ ಹುಡುಗಿ ತಿಂತಾಳೆ. ಅದಕ್ಕಿನ್ನೂ ಹದಿನೇಳು ತುಂಬಿಲ್ಲ."

ಡಾಕ್ಟರ ದನಿ ಬದಲಾಯಿತು. "ಇನ್ನು ಕಳಿಸೋದಿಲ್ಲಮ್ಮ. ನಿಮ್ಮ ಹೆಸರು ತೆಗೀಬೇಕಾಗುತ್ತೆ. ಆ ಹುಡುಗಿ ಮನೆಯವರಿಗೆ ಇವತ್ತೇ ತಿಳಿಸಿ, ಆಸ್ಪತ್ರೆಗೆ ತೋರಿಸಲಿ."

"ಹಂಗಾರೆ ಬರೋ ತಿಂಗ್ಳು ನೀವು ಫೋನ್ ಮಾಡಲ್ವಾ?"

"ಇಲ್ಲಮ್ಮ."

"ನಿನ್ನ ನಂಬಿದ್ನಲ್ಲ ಬೊಮ್ಮಕ್ಕಾ," ಎಂದು ಸಹನಾ ಫೋನು ಎತ್ತಿಕೊಂಡು ಹೋದಳು. ಅದೇ ಸಂಜೆ ಬೊಮ್ಮಕ್ಕ ಕುಂಟುತ್ತಾ ಗಂಗಾಧರಪ್ಪನವರ ಮನೆಗೆ ನಡೆದು ಎಲ್ಲವನ್ನೂ ಹೇಳಿದಳು. ಅವರು ಬೈದರು, ಇನ್ನು ನಮ್ಮ ಹೊಸಿಲು ತುಳಿಯಬೇಡ ಎಂದರು.

ತಿಂಗಳು ಕಳೆಯಿತು. ಕರೆ ಬರುತ್ತಿದ್ದ ಹೊತ್ತಿಗೆ ಬೊಮ್ಮಕ್ಕ ತಲೆ ಬಾಚಿ, ಕುಂಕುಮವಿಟ್ಟು, ಹಸಿರು ಸೀರೆ ಉಟ್ಟು ಕೂತಿದ್ದಳು. ಹೊರಗೆ ಸಹನಾ ತಾಯಿಯ ಜೊತೆ ಬಸ್ಸಿಗೆ ಹೋಗುತ್ತಿದ್ದಳು. ಕಣ್ಣು ತಿಳಿಯಾಗಿತ್ತು, ಹೆಜ್ಜೆ ನೆಟ್ಟಗಿತ್ತು. ಈ ಬಾಗಿಲ ಕಡೆ ಅವಳು ತಿರುಗಿಯೂ ನೋಡಲಿಲ್ಲ. ಬೊಮ್ಮಕ್ಕನಿಗೆ ಸಂತೋಷವಾಯಿತು, ಅಳುವೂ ಬಂತು.

ಉಪ್ಪಿನ ಡಬ್ಬಿ ಇದ್ದಲ್ಲೇ ಇತ್ತು. ಅದರ ಕಡೆ ನೋಡಿ ಅವಳು ಮೆಲ್ಲಗೆ ಹೇಳಿದಳು, "ಮಂಡಿ ಹಂಗೇ ಐತೆ ಸ್ವಾಮಿ. ನಿದ್ದೆ ಬರಲ್ಲ. ಮನೇಲಿ ಜೊತೆಗೆ..."

ಅಭ್ಯಾಸಬಲದಿಂದ ಕಣ್ಣು ಪಕ್ಕಕ್ಕೆ ಹೊರಳಿತು. ಅಲ್ಲಿ ಉಣ್ಣೆಯ ರಾಶಿ ಮಾತ್ರ ಇತ್ತು.