ಕಾಳಿ ದಂಡೆಗೆ ಬಂದ ಕಾರವಾರದ ಉಸುಕು

ಮದುವೆಯಾದ ಮರುವರ್ಷ ನಾನು ದಾಂಡೇಲಿಗೆ ಬಂದಾಗ ಕಾಳಿ ನದಿಯ ದಂಡೆ ಯಾರಪ್ಪನ ಆಸ್ತಿಯೂ ಆಗಿರಲಿಲ್ಲ. ಅರವತ್ತರ ದಶಕದ ಮೊದಲ ವರ್ಷಗಳವು. ಬಂಗೂರನಗರದ ಆಚೆ ಒಂದು ಸಾಲುಮನೆ ನಮಗೆ ಬಾಡಿಗೆಗೆ ಸಿಕ್ಕಿತ್ತು. ಅಕ್ಕಪಕ್ಕದವರೆಲ್ಲ ಧಾರವಾಡ, ಬೆಳಗಾವಿ ಕಡೆಯಿಂದ ಕಾರ್ಖಾನೆಯ ಕೆಲಸಕ್ಕೆ ಬಂದವರು. ಬೆಳಗಾದರೆ ಹೆಂಗಸರು ಬಟ್ಟೆಯ ಗಂಟು ಹೊತ್ತು ಹೊಳೆಗೆ ಇಳಿಯುತ್ತಿದ್ದೆವು. ಅಲ್ಲೊಂದು ಕಡೆ ದಂಡೆ ಇಳಿಜಾರಾಗಿ ಉಸುಕು ಹಾಸಿಕೊಂಡಿತ್ತು. ಮೊಳಕಾಲುದ್ದ ನೀರಿನಲ್ಲಿ ಹೆದರಿಕೆಯಿಲ್ಲದೆ ನಿಲ್ಲಬಹುದಿತ್ತು. ನನ್ನ ಅತ್ತೆ ಅಲ್ಲಿಯೇ ಮಿಂದು, ಹಾಸುಬಂಡೆಯ ಮೇಲೆ ಕೂತು, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮುಗಿಸಿಯೇ ಮನೆಗೆ ಬರುತ್ತಿದ್ದರು. ಹಳಿಯಾಳದ ಹತ್ತಿರದ ಹಳ್ಳಿಯವರು. ಗಂಡ ತೀರಿದ ಮೇಲೂ ಒಬ್ಬರೇ ಗದ್ದೆ ಮಾಡಿ ಮಗನನ್ನು ಓದಿಸಿದವರು.

ಆ ಮಗ, ಅಂದರೆ ನಮ್ಮ ಮನೆಯವರು, ಒಂದು ಸರಕಾರಿ ಕಚೇರಿಯಲ್ಲಿ ಕಾರಕೂನ. ಯಾವ ಕಚೇರಿ ಎಂದು ಬರೆಯುವುದಿಲ್ಲ. ಬರೆದರೆ ಅಲ್ಲಿದ್ದವರಿಗೆ ಇಲ್ಲದ ಘನತೆ ಕೊಟ್ಟಂತೆ ಆದೀತು. ಅಲ್ಲಿಗೆ ಹೊಸ ಸಾಹೇಬನೊಬ್ಬ ಬಂದ. ಮುಂಬಯಿಯಲ್ಲಿ ಕೆಲವು ಕಾಲ ಇದ್ದು, ಸಂಜೆಗೊಮ್ಮೆ ಸಮುದ್ರದ ದಂಡೆಯಲ್ಲಿ ಗಾಳಿ ಕುಡಿದು ಬಂದಿದ್ದನಂತೆ. ಅದನ್ನು ಬಿಟ್ಟರೆ ಅವನಿಗೆ ಬೇರೆ ಯಾವ ವಿದ್ಯೆಯೂ ಬರುತ್ತಿದ್ದಂತೆ ಕಾಣಲಿಲ್ಲ. ನಮ್ಮದು ಕಡಲಿರುವ ಜಿಲ್ಲೆ, ದಾಂಡೇಲಿಗೂ ಒಂದು ಬೀಚು ಇರಬೇಕು, ಅದರ ಮಗ್ಗುಲಿಗೆ ಒಂದು ಸಾರ್ವಜನಿಕ ಉದ್ಯಾನ ಇರಬೇಕು ಎಂದು ಅವನ ತಲೆಗೆ ಹೊಳೆಯಿತು. ಇಡೀ ಹೊಳೆಯ ದಂಡೆಯಲ್ಲಿ ಅವನಿಗೆ ಚಂದ ಕಂಡದ್ದು ನಾವು ಬಟ್ಟೆ ಒಗೆಯುವ ಜಾಗ ಒಂದೇ.

ಮನೆಯವರು ಊಟಕ್ಕೆ ಕೂತಾಗಲೆಲ್ಲ ಇದೇ ಸುದ್ದಿ. ಸಾಹೇಬರು ಹಿಂಗ ಅಂದರು, ಹಂಗ ಅಂದರು. ಸಾಹೇಬ ಸೀನಿದ್ದನ್ನೂ ಅವರು ಮೆಚ್ಚಿಕೊಂಡು ಹೇಳುತ್ತಿದ್ದರೋ ಏನೋ. ತಿಂಗಳೊಪ್ಪತ್ತಿನಲ್ಲಿ ತಂತಿ ಬೇಲಿ ಬಂತು, ಗೇಟು ಬಂತು, ಸಿಮೆಂಟಿನ ಬೆಂಚುಗಳು ಬಂದವು, ಧಾರವಾಡದಿಂದ ಗುಲಾಬಿ ಮತ್ತು ಕ್ರೋಟನ್ ಗಿಡಗಳು ಬಂದವು. ಆಮೇಲೆ ಬಂದದ್ದು ಉಸುಕಿನ ಲಾರಿ. ಹೊಳೆಯ ಉಸುಕು ದಪ್ಪ, ಕಂದು ಬಣ್ಣದ್ದು. ಸಾಹೇಬನಿಗೆ ನುಣ್ಣಗಿನ ಬಿಳಿಯದು ಬೇಕಾಗಿತ್ತು. ಅದಕ್ಕೆಂದು ಘಟ್ಟದ ಕೆಳಗೆ ಕಾರವಾರದ ಸಮುದ್ರದ ದಂಡೆಯಿಂದ ತರಿಸಿದ್ದ.

ಲಾರಿ ಉಸುಕು ಸುರಿಯುತ್ತಿದ್ದಾಗ ನಾವು ಬೇಲಿಯ ಹೊರಗೆ ನಿಂತು ನೋಡುತ್ತಿದ್ದೆವು. ದಂಡೆಗೆ ಹರಡಿ ಉಳಿದದ್ದನ್ನು ಹೂವಿನ ಮಡಿಗಳಿಗೂ ಹಾಕಿಸುತ್ತಿದ್ದರು. ಅತ್ತೆ ಬೇಲಿಯೊಳಗೆ ಕೈ ತೂರಿಸಿ ಒಂದು ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿಕೊಂಡರು, ಉಗುಳಿದರು.

“ಇದರಾಗ ಉಪ್ಪು ಐತ್ರಿ ಸಾಹೇಬ್ರ. ಗಿಡ ಸುಟ್ಟು ಹೋಗ್ತಾವ,” ಎಂದರು.

ಸಾಹೇಬ ಅವರತ್ತ ನೋಡಲಿಲ್ಲ. ಪಕ್ಕದಲ್ಲಿ ಕಾಗದದ ಕಟ್ಟು ಹಿಡಿದು ನಿಂತಿದ್ದ ನಮ್ಮ ಮನೆಯವರಿಗೆ, ಈ ಮುದುಕಿಯನ್ನು ಇಲ್ಲಿಂದ ಕಳಿಸಿ ಎಂದ. ಅದು ತಮ್ಮ ತಾಯಿ ಎಂದು ಹೇಳುವ ಧೈರ್ಯ ಅವರಿಗೆ ಆಗಲಿಲ್ಲ. ಯಾರೋ ಪರಕೀಯರಿಗೆ ಹೇಳುವಂತೆ, “ನಡೀರಿ, ನಡೀರಿ,” ಎಂದರು. ಅತ್ತೆ ಮಗನ ಮುಖವನ್ನೊಮ್ಮೆ ನೋಡಿ ಮನೆಯ ದಾರಿ ಹಿಡಿದರು. ಆ ದಿನ ನನ್ನ ಗಂಡನ ಮೇಲೆ ನನಗೆ ಹುಟ್ಟಿದ ಅಸಹ್ಯ ಪೂರ್ತಿ ಹೋಗಿದೆ ಎಂದು ಇಂದಿಗೂ ಹೇಳಲಾರೆ.

ಉದ್ಘಾಟನೆಗೆ ದೊಡ್ಡ ಅತಿಥಿಯೊಬ್ಬರು ಬರುವವರಿದ್ದರು. ಅವರ ಮುಂದೆ ಸಾರ್ವಜನಿಕರು ಕಾಣಬೇಕಲ್ಲ; ಸಾಲುಮನೆಯ ಹೆಂಗಸರು ಒಳ್ಳೆಯ ಸೀರೆ ಉಟ್ಟು ಬಂದು ಉಸುಕಿನ ಮೇಲೆ ಕೂರಬೇಕೆಂದು ಹೇಳಿಕೆ ಬಂತು. ನೀರಿಗೆ ಮಾತ್ರ ಇಳಿಯಬಾರದಂತೆ. ಅತ್ತೆ ಹೋಗಲಿಲ್ಲ. ನಾನು ಹೋದೆ. ಮದುವೆಯ ಇಳಕಲ್ ಸೀರೆ ಉಟ್ಟು ಮುಂದಿನ ಸಾಲಿನಲ್ಲೇ ಕೂತೆ. ಅತಿಥಿ ರಿಬ್ಬನ್ ಕತ್ತರಿಸಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. ಗಂಡನನ್ನು ಹೀಗಳೆದ ಮೇಲೆ ಇದನ್ನು ಮುಚ್ಚಿಡುವುದು ಸರಿಯಲ್ಲ.

ಮರುದಿನದಿಂದ ಗೇಟಿಗೆ ಬೀಗ. ಸಂಜೆ ನಾಲ್ಕಾರು ಸಾಹೇಬರ ಹೆಂಡಂದಿರು ಕೊಡೆ ಹಿಡಿದು ಬಂದು ಬೆಂಚಿನ ಮೇಲೆ ಕೂತು, ಸೊಳ್ಳೆ ಹೊಡೆದುಕೊಂಡು ಹೋಗುತ್ತಿದ್ದರು. ಬಟ್ಟೆ ಒಗೆಯಲು ನಾವು ಕೆಳಗಿನ ತಿರುವಿಗೆ ಹೋಗಬೇಕಾಯಿತು. ಅಲ್ಲಿ ಎಲ್ಲವೂ ಪಾಚಿ ಕಟ್ಟಿದ ಕಲ್ಲು. ಎರಡನೆಯ ವಾರವೇ ಅತ್ತೆ ತುಂಬಿದ ಕೊಡದೊಂದಿಗೆ ಜಾರಿ ಬಿದ್ದರು. ಬಲಗೈಯ ಮಣಿಕಟ್ಟು ಮುರಿಯಿತು. ಎಲುಬು ಕೂಡಿಸುವವನು ಎಣ್ಣೆ ಹಚ್ಚಿ, ಬಿದಿರಿನ ದಬ್ಬೆ ಇಟ್ಟು ಕಟ್ಟಿದ.

ಸುದ್ದಿ ಹೇಗೋ ಸಾಹೇಬನಿಗೆ ಮುಟ್ಟಿತು. ಬಿದ್ದವರು ತನ್ನ ಕಾರಕೂನನ ತಾಯಿ ಎಂದೂ ತಿಳಿಯಿತು. ಅವನ ಕರುಣೆ ಒಂದು ಕಾಗದದ ರೂಪದಲ್ಲಿ ಮನೆಗೆ ಬಂತು. ಮನೆಯವರು ಅದನ್ನು ಪ್ರಸಾದದ ಹಾಗೆ ಎರಡೂ ಕೈಯಲ್ಲಿ ಹಿಡಿದು ತಂದರು. ಅತ್ತೆ ನನಗೆ ಓದಲು ಹೇಳಿದರು. ಈ ಪಾಸು ತೋರಿಸಿದವರನ್ನು ಸಾರ್ವಜನಿಕ ಉದ್ಯಾನದೊಳಗೆ ಬಿಡಬಹುದು ಎಂದು ಬರೆದು, ಕೆಳಗೆ ಸಹಿ ಮತ್ತು ಮುದ್ರೆ.

“ಸಾರ್ವಜನಿಕ ಅಂದ್ರ ಯಾರವಾ?” ಎಂದು ಕೇಳಿದರು.

“ಎಲ್ಲಾರೂ ರೀ ಅತ್ತಿ.”

“ಎಲ್ಲಾರದೂ ಆದ್ರ ಚೀಟಿ ಯಾಕ?”

ನಾನು ಗಂಡನ ಕಡೆ ನೋಡಿದೆ. ಅವರು ಕಾಲು ತೊಳೆಯಲು ಹಿತ್ತಲಿಗೆ ಹೋದರು.

ಮರುದಿನ ಬೆಳಿಗ್ಗೆ ಅತ್ತೆ ಪಾಸನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರು. ಸಾಲುಮನೆಯ ಬಾಗಿಲು ಬಾಗಿಲಿಗೆ ನಿಂತು ಕರೆದರು. ನಾವು ಒಂಬತ್ತು ಹೆಂಗಸರು, ಒಂಬತ್ತು ಗಂಟು, ಒಂದು ಪಾಸು. ಗೇಟು ಕಾಯುತ್ತಿದ್ದವನು ಜೋಯಿಡಾ ಕಡೆಯ ಕೊಂಕಣಿ ಮಾತಿನ ವಯಸ್ಸಾದ ಮನುಷ್ಯ. ಪಾಸಿನ ಮುದ್ರೆಯನ್ನು ನೋಡಿದ, ದಬ್ಬೆ ಕಟ್ಟಿದ ಕೈಯನ್ನು ನೋಡಿದ, ನಮ್ಮನ್ನು ಎಣಿಸುವ ಗೋಜಿಗೆ ಹೋಗದೆ ಬೀಗ ತೆಗೆದ.

ಒಳಗೆ ಗುಲಾಬಿಗಳು ಕಡ್ಡಿಗಳಾಗಿದ್ದವು. ಕ್ರೋಟನ್ ಎಲೆಗಳು ಅಂಚು ಸುಟ್ಟು ಮುದುಡಿದ್ದವು. ಅತ್ತೆ ಅವನ್ನು ನೋಡಿ ಹೊಳೆಯತ್ತ ಇಳಿದರು. ನಾವು ಬಟ್ಟೆ ಒಗೆದು ಬೆಂಚುಗಳ ಮೇಲೆ, ತಂತಿ ಬೇಲಿಯ ಮೇಲೆ, ಒಣಗಿದ ಗಿಡಗಳ ಮೇಲೆ ಹರವಿದೆವು. ಒಂದು ಕೈಯಲ್ಲೇ ಸ್ನಾನ ಮಾಡಿದ ಅತ್ತೆ ತಮ್ಮ ಬಂಡೆಯ ಮೇಲೆ ಪೂಜೆಗೆ ಕೂತರು. ಅಷ್ಟರಲ್ಲಿ ಜೀಪು ಬಂತು. ಸಾಹೇಬ ಇಳಿದು ಗೇಟಿನವರೆಗೆ ಬಂದ. ಲಂಗ, ಕುಬಸ, ಧೋತರಗಳ ನಡುವೆ ಅವನ ಬೀಚು ಎಲ್ಲಿದೆ ಎಂದು ಹುಡುಕುತ್ತಿರುವವನ ಹಾಗೆ ಕಣ್ಣಾಡಿಸಿದ. ಅತ್ತೆ ಕಣ್ಣು ತೆರೆಯಲಿಲ್ಲ. ಅವನು ಕಾವಲಿನವನಿಗೂ ಒಂದು ಮಾತು ಆಡದೆ ಜೀಪು ಹತ್ತಿದ. ಬಡವರ ಬಟ್ಟೆಯನ್ನು ಮುಟ್ಟಿ ತೆಗೆಸುವಷ್ಟು ಗಟ್ಟಿತನವೂ ಅವನಲ್ಲಿ ಇರಲಿಲ್ಲ.

ಆಮೇಲೆ ಗೇಟಿಗೆ ಬೀಗ ಹಾಕುವುದನ್ನು ಬಿಟ್ಟರು. ಅತ್ತೆಯ ಕೈ ಮಾತ್ರ ಸೊಟ್ಟಗೇ ಕೂಡಿಕೊಂಡಿತು. ಅದರಿಂದ ಅವರಿಗೆ ಮತ್ತೆ ರೊಟ್ಟಿ ಬಡಿಯಲು ಆಗಲಿಲ್ಲ. ಮಗನೊಂದಿಗೆ ಮಾತು ಬೇಕಾದಷ್ಟಕ್ಕೇ ನಿಂತಿತು. ಮಳೆಗಾಲಕ್ಕೆ ಮುಂಚೆ ಸಾಹೇಬನಿಗೆ ಬಡ್ತಿ ಸಿಕ್ಕು ದೊಡ್ಡ ಊರಿಗೆ ವರ್ಗವಾಯಿತು. ಉದ್ಯಾನ ಕಟ್ಟಿಸಿದ್ದಕ್ಕೇ ಬಡ್ತಿ ಎಂದು ಮನೆಯವರು ಹೆಮ್ಮೆಯಿಂದ ಹೇಳಿದರು. ಬೀಳ್ಕೊಡುವ ದಿನ ಗುಲಾಬಿ ಹಾರವೇ ಬೇಕೆಂದು ಬೆಳಿಗ್ಗೆ ಎದ್ದು ಹಳಿಯಾಳಕ್ಕೆ ಹೋಗಲು ಅವರು ಬಸ್ಸು ಹಿಡಿದರು. ನಾನು ರೊಟ್ಟಿ ಕಟ್ಟಿಕೊಡಲಿಲ್ಲ. ಅವರೂ ಕೇಳಲಿಲ್ಲ.