ಒಂದು ಗಂಟೆಗೆ ಸರಿಯಾಗಿ ಲಂಚ್

ಪ್ರೀತಿಯ ಬಂಧುಗಳೇ, ಇಪ್ಪತ್ತೆರಡು ವರ್ಷದ ಕಂಪನಿ ಕೆಲಸ ಕಳೆದುಕೊಂಡ ನನ್ನ ತಮ್ಮ ಶ್ರೀಧರ ಇವತ್ತು ಇಟ್ಟಮಡುವಿನಲ್ಲಿ ಊಟದ ಮೆಸ್ ತೆರೆದ. ಉಳಿತಾಯವೆಲ್ಲ ಅದಕ್ಕೇ ಸುರಿದಿದ್ದಾನೆ. ಮಧ್ಯಾಹ್ನ ಒಂದು ಹೊಡೆದದ್ದೇ ತಡ, ಶಟರ್ ಅರ್ಧ ಇಳಿಸಿ, ತಟ್ಟೆ ಹಾಕಿಕೊಂಡು ಕುಳಿತುಬಿಟ್ಟ!

ಹೊರಗೆ ಆರು ಜನ ಬಗ್ಗಿ ನೋಡಿದರು. "ಅಂಕಲ್, ಊಟ ಇಲ್ವಾ?"

"ಲಂಚ್ ಟೈಮ್ ಕಣ್ರಪ್ಪಾ, ಎರಡು ಗಂಟೆಗೆ ಬನ್ನಿ."

ಅಡುಗೆ ಮಾಡುತ್ತಿದ್ದ ಅವನ ಹೆಂಡತಿ ಸುಧಾ ಓಡಿಬಂದಳು. "ರೀ, ಅವರ ಲಂಚೇ ನಮ್ಮ ವ್ಯಾಪಾರ! ಏಳ್ರೀ ಮೇಲೆ!"

ಶ್ರೀಧರ ತುತ್ತು ನುಂಗಿ ಶಟರ್ ಎತ್ತಿದ. ಆರೂ ಜನ ನಗುತ್ತಾ ಬಂದು ಕುಳಿತು, ಹುಳಿಯನ್ನು ಎರಡೆರಡು ಸಲ ಹಾಕಿಸಿಕೊಂಡರು.

ಆಮೇಲೆ ಶ್ರೀಧರ ನನ್ನ ಕಿವಿಯಲ್ಲಿ ಕೇಳಿದ, "ಅಕ್ಕಾ, ಶನಿವಾರ ಭಾನುವಾರ ರಜಾ ತಾನೇ?"

ಸುಧಾಳನ್ನೇ ಕೇಳು ಅಂದೆ. ಸಂಜೆಯಾದರೂ ಅವನಿಗೆ ಧೈರ್ಯ ಬಂದಿಲ್ಲ.