ಹೋಗಲೊಲ್ಲದ ಅಮ್ಮ

ಎಪ್ಪತ್ತರ ದಶಕದ ಮಾತು. ನಾನು ಟಿಕೋಟಕ್ಕೆ ಸೊಸೆಯಾಗಿ ಬಂದ ಮರುವರ್ಷ ನನ್ನ ಕಾಲ ಮೇಲೆ ಕೆಂಪು, ನೇರಳೆ ಗಂದೆಗಳೆದ್ದವು. ನಮ್ಮ ಅತ್ತೆ ನೋಡಿದವರೇ ಕೈಯಲ್ಲಿದ್ದ ಮೊರ ಕೆಳಗಿಟ್ಟು ನನಗೆ ಕೈ ಮುಗಿದು, "ಅಮ್ಮ ಬಂದಾಳ" ಎಂದರು. ಮೈಮೇಲೆ ಗುಳ್ಳೆ ಎದ್ದರೆ ನಮ್ಮ ಕಡೆ ಅದು ರೋಗವಲ್ಲ, ದೇವಿ ಮನೆಗೆ ಬಂದಂತೆ.

ಬೆಳಗಿನವರೆಗೆ "ಏನ್ ಬೇ, ರೊಟ್ಟಿ ಬಡಿಯಾಕ ಇಷ್ಟೊತ್ತ?" ಎನ್ನುತ್ತಿದ್ದ ಬಾಯಿ, "ಏನ ಬೇಕ ತಾಯಿ, ಮೊಸರನ್ನ ತರ್ಲೇನು?" ಎಂದು ಕೇಳತೊಡಗಿತು. ಸುಳ್ಳೇಕೆ ಹೇಳಲಿ, ನನಗೆ ಹಿತವಾಗಿತ್ತು. ಜ್ವರವಿತ್ತು, ಕೀಲುಗಳು ನೋಯುತ್ತಿದ್ದವು; ಆದರೂ ಅತ್ತೆಯ ಕೈಯಿಂದ ಬೇವಿನ ಸೊಪ್ಪಿನ ಗಾಳಿ ಹಾಕಿಸಿಕೊಳ್ಳುವ ಭಾಗ್ಯ ಎಷ್ಟು ಸೊಸೆಯರಿಗುಂಟು? ಫಜೀತಿಯಾದದ್ದು ಮಾವನವರಿಗೆ. ಅಮ್ಮ ಮನೆಯಲ್ಲಿರುವಾಗ ಒಗ್ಗರಣೆ ಹಾಕುವಂತಿಲ್ಲ. ಅವರು ಸಪ್ಪನೆಯ ಬೇಳೆಯನ್ನು ದಿಟ್ಟಿಸುತ್ತ ಕೂರುತ್ತಿದ್ದರು.

ಗಂದೆ ತುಸು ಇಳಿದಾಗ ಅತ್ತೆ ಬುಟ್ಟಿಯಲ್ಲಿ ಮೊಸರನ್ನ, ಹಸಿರು ಬಳೆ ಇಟ್ಟು ಘೋಣಸಗಿ ದಾರಿಯ ಸೀಮೆಯಲ್ಲಿ ದೇವಿಯನ್ನು ಬೀಳ್ಕೊಟ್ಟು ಬಂದರು. ಮುಂದಿನ ವಾರ ಗಂದೆ ಮತ್ತೆ ಎದ್ದವು. "ಆ ದಾರಿ ಆಕಿಗಿ ಸೇರಲಿಲ್ಲ ಅನಸ್ತೈತಿ" ಎಂದು ಈ ಸಲ ಬಬಲೇಶ್ವರದ ದಾರಿಗೆ ಕಳಿಸಿದರು. ಅಲ್ಲಿಂದಲೂ ತಿರುಗಿ ಬಂದಳು. "ತಾಯಿ, ಬಂದಿ, ಉಂಡಿ, ಬಳಿ ಇಟ್ಕೊಂಡಿ. ಬೀಗರ ಮನ್ಯಾಗೂ ಇಷ್ಟ ದಿನ ಇರಬಾರದವಾ" ಎಂದು ಅತ್ತೆ ನನ್ನ ಮೊಣಕಾಲಿಗೆ ಮೆಲ್ಲಗೆ ಬುದ್ಧಿ ಹೇಳಿದರು.

ಅಷ್ಟರಲ್ಲಿ ನನ್ನ ಬಲಗೈ ತೋರುಬೆರಳಿನ ತುದಿ ಕಪ್ಪಗಾಗತೊಡಗಿತು. ನನ್ನ ನಗು ಅಲ್ಲಿಗೆ ನಿಂತಿತು. ಬೆರಳು ಹೋಗಿಯೇ ಬಿಡುತ್ತದೆಂದು ಹೆದರಿ ಅತ್ತುಬಿಟ್ಟೆ.

"ಅಮ್ಮ ಬೆರಳ ತಿನ್ನಂಗಿಲ್ಲ. ನಡೀರಿ ವಿಜಾಪುರಕ್ಕ" ಎಂದರು ಮಾವ.

"ದವಾಖಾನಿಗಿ ಹೋದ್ರ ಆಕಿ ಸಿಟ್ಟಾಗ್ತಾಳ" ಎಂದರು ಅತ್ತೆ.

"ನಾ ಆಗಲೇ ಸಿಟ್ಟಾಗೇನಿ. ನನ್ನ ಮಾರಿನೂ ಒಂದೀಟ ನೋಡ."

ವಿಜಾಪುರದ ವಯಸ್ಸಾದ ಡಾಕ್ಟರರು ಗಂದೆಯ ಮೇಲೆ ಗಾಜಿನ ತುಂಡು ಒತ್ತಿ ನೋಡಿದರು, ಕೆಂಪು ಮಾಸಲಿಲ್ಲ; ರಕ್ತ ಚರ್ಮದೊಳಗೇ ಸೋರಿದೆ ಎಂದರು. ಬಿಸಿಲಿಗೆ ಮುಖ ಕೆಂಪಾಗುತ್ತದೆಯೇ, ಕೂದಲು ಉದುರುತ್ತದೆಯೇ ಎಂದೆಲ್ಲ ಕೇಳಿ, ರಕ್ತ ತೆಗೆದು ಪರೀಕ್ಷೆಗೆ ಕಳಿಸಿ, ಅಂದೇ ಗುಳಿಗೆ ಶುರು ಮಾಡಿದರು. ಬೆರಳೇನೋ ಉಳಿಯಿತು, ಅದು ಆಮೇಲಿನ ಮಾತು. ಎರಡನೆಯ ಸಲ ಅತ್ತೆಯ ಜೊತೆ ಹೋದಾಗ ಬಿಡಿಸಿ ಹೇಳಿದರು: "ಇದಕ್ಕ ಲೂಪಸ್ ಅಂತಾರ್ರಿ. ಮನಿ ಕಾಯಾಕ ಸಾಕಿದ ನಾಯಿ ಮನಿಯವರನ್ನ ಕಡದಂಗ. ಇಕಿನ್ನ ಕಾಯಬೇಕಾದ ನೆತ್ತರ ಇಕಿ ಚರ್ಮದಾಗಿನ ರಕ್ತನಾಳ ಕೆಡಿಸಾಕತ್ತೈತಿ. ಪೂರ್ತಿ ಹೋಗೂ ರೋಗ ಅಲ್ಲ, ಹಿಡಿತದಾಗ ಇಡಬಹುದು."

ಅತ್ತೆ ನನ್ನ ಬೆರಳನ್ನೊಮ್ಮೆ ನೋಡಿ ಡಾಕ್ಟರರತ್ತ ತಿರುಗಿದರು.

"ಅಮ್ಮ ಆಗಿದ್ರ ಕಾಲ ಹಿಡದು ಬೇಡ್ಕೋತಿದ್ನಿರಿ. ಇಕಿ ನೆತ್ತರ ಇಕಿಗೇ ವೈರಿ ಆದ್ರ, ನಾ ಯಾರನ್ನ ಬೇಡ್ಲಿ?"

ಡಾಕ್ಟರರು ಗುಳಿಗೆ ತಪ್ಪಿಸಬೇಡಿ, ಬಿಸಿಲಿಗೆ ಬಿಡಬೇಡಿ ಎಂದಷ್ಟೇ ಹೇಳಿದರು. ಬಸ್ಸಿನಲ್ಲಿ ನನ್ನ ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು. ಅತ್ತೆ ಎದ್ದು ನನ್ನನ್ನು ಒಳಗೆ ಸರಿಸಿ, ತಾವು ಕಿಟಕಿಗೆ ಕೂತು, ಟಿಕೋಟ ಬರುವವರೆಗೂ ನನ್ನ ಕೈಯನ್ನು ಸೆರಗಿನಲ್ಲಿ ಮುಚ್ಚಿ ಹಿಡಿದುಕೊಂಡೇ ಇದ್ದರು.